ಮಳಿ ಬಂತು, ಬರ ಹೋತೇನು?

2024ರ ಮೇ ತಿಂಗಳ ಒಂದು ಮಧ್ಯಾಹ್ನ. ಹಾರೂಗೇರಿ ಕಡೆಯಿಂದ ಅಲಖನೂರಿಗೆ ಹೊರಟಿದ್ದೆ. ಬಿಸಿಲು ಅಂದರೆ ಬಿಸಿಲು, ತಲೆ ಮೇಲೆ ಹಂಚು ಕಾಯಿಸಿ ಇಟ್ಟ ಹಾಗೆ. ಒಂದು ಕಡೆ ಬೋರಿನ ನೀರು ಕುಡಿದು ನಿಂತ ಕಬ್ಬು, ಇನ್ನೊಂದು ಕಡೆ ಬಿರುಕು ಬಿಟ್ಟ ಹೊಲ. ನಾಲ್ಕು ಗಂಟೆ ಸುಮಾರಿಗೆ ಗಾಳಿ ಒಮ್ಮೆಲೇ ನಿಂತುಬಿಟ್ಟಿತು. ಆಮೇಲೆ ಮೂಡಣ ದಿಕ್ಕಿನಿಂದ ಕೆಂಪು ಧೂಳು ಎದ್ದು ಬಂತು. ರಸ್ತೆ ಬದಿಯ ಒಂದು ಚಹಾದಂಗಡಿಯ ತಗಡಿನ ಕೆಳಗೆ ಹೋಗಿ ನಿಂತೆ. ನನ್ನ ಹಾಗೇ ಹತ್ತು ಮಂದಿ. ಒಬ್ಬ ಮುದುಕ ಅಂಗೈ ಹೊರಗೆ ಚಾಚಿ ನಿಂತಿದ್ದ. ಮೊದಲ ಹನಿ ಅವನ ಅಂಗೈಗೆ ಬಿತ್ತು. ಅದನ್ನ ಅವನು ಹಣೆಗೆ ಹಚ್ಚಿಕೊಂಡ.

ಆಮೇಲೆ ಸುರಿದದ್ದು ಅರ್ಧ ತಾಸು. ನಡುವೆ ಆಣಿಕಲ್ಲು. ಹುಡುಗರು ಆಣಿಕಲ್ಲು ಆರಿಸಿ ಬಾಯಿಗೆ ಹಾಕಿಕೊಂಡರು. ಎದುರಿನ ಮನೆಯ ಆಯಿಯೊಬ್ಬಳು ಮನೆಯೊಳಗಿನ ಪಾತ್ರೆಯೆಲ್ಲ ತಂದು ಸೂರಿನ ಕೆಳಗೆ ಸಾಲಾಗಿ ಇಟ್ಟಳು. ಬಿಂದಿಗೆ, ಬೋಗುಣಿ, ಬಣ್ಣದ ಖಾಲಿ ಡಬ್ಬಿ, ಕೊನೆಗೆ ಚಹಾದ ಕಿಟ್ಲಿ ಕೂಡ. ನಮ್ಮ ಕಡೆ ತಿರುಗಿ ನಕ್ಕು ಅಂದಳು: ‘ತಮ್ಮಾ, ನಾಳೆ ಟ್ಯಾಂಕರ್ ಕಾಯೂದ ತಪ್ಪಿತ ನೋಡು.’

ಆ ನಗು ಸುಳ್ಳಲ್ಲ. ಮಳೆಯನ್ನ ಹೀಯಾಳಿಸೋಕೆ ನಾನು ಇದನ್ನ ಬರೆಯುತ್ತಿಲ್ಲ. ಅವತ್ತು ನಾನೂ ನೆನೆದೆ, ನೋಟುಬುಕ್ಕು ಒದ್ದೆಯಾದದ್ದೂ ತಿಳಿಯಲಿಲ್ಲ. ಆದರೆ ಮಳೆ ನಿಂತ ಐದೇ ನಿಮಿಷಕ್ಕೆ ಚಹಾದಂಗಡಿಯಲ್ಲಿ ಒಬ್ಬ ಗೌಡಕಿ ಗತ್ತಿನ ಮನುಷ್ಯ ಮೀಸೆ ಒರೆಸಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಹೋತ ಬಿಡ್ರೋ, ಬರ ಹೋತು.’

ಯಾರ ಬರ ಹೋತು? ಇಷ್ಟೇ ನನ್ನ ಪ್ರಶ್ನೆ.

ಬರ ಹೇಗೆ ಬಂದಿತ್ತು ಅನ್ನೋದನ್ನ ಮೊದಲು ನೆನೆಸಿಕೊಳ್ಳೋಣ. 2023ರಲ್ಲಿ ಮುಂಗಾರು ಕೈ ಕೊಟ್ಟಿತು. ಆ ವರ್ಷದ ಆಗಸ್ಟ್ ತಿಂಗಳು ಇಡೀ ದೇಶಕ್ಕೇ ನೂರು ವರ್ಷದಲ್ಲಿ ಕಾಣದಷ್ಟು ಒಣಗಿತ್ತು. ಕರ್ನಾಟಕ ಸರಕಾರ 223 ತಾಲೂಕುಗಳನ್ನ ಬರಪೀಡಿತ ಎಂದು ಘೋಷಿಸಿತು. ಉಳಿದದ್ದು ಬೆರಳೆಣಿಕೆಯಷ್ಟು. ರಾಜ್ಯ ಸರಕಾರ ದೆಹಲಿಗೆ ಕೇಳಿದ್ದು 18,171 ಕೋಟಿ ರೂಪಾಯಿ. ದೆಹಲಿ ಮಾತಾಡಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲಿನಲ್ಲಿ, ಚುನಾವಣೆ ನಡೆಯುತ್ತಿರುವಾಗ, ಬಂದದ್ದು 3,454 ಕೋಟಿ. ಒಂದು ಸರಕಾರ ಇನ್ನೊಂದು ಸರಕಾರದ ಹತ್ತಿರ ಕೋರ್ಟಿನ ಮೂಲಕ ಬೇಡಬೇಕಾಯಿತು. ಹೀಗಿರುವಾಗ ಕೇರಿಯ ಮುದುಕಿ ತಲಾಟಿ ಹತ್ತಿರ ಎಷ್ಟು ಸಲ ಬೇಡಬೇಕು, ನೀವೇ ಲೆಕ್ಕ ಹಾಕಿ.

ಬಂದ ರೊಕ್ಕ ಎಲ್ಲಿ ಹೋಯಿತು? ಉತಾರ ಇದ್ದವರ ಖಾತೆಗೆ ಹೋಯಿತು. ಅದು ಬೆಳೆ ನಷ್ಟದ ರೊಕ್ಕ. ಕೇಂದ್ರದ ದರ ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅದೂ ಎರಡು ಹೆಕ್ಟೇರಿನ ತನಕ. ಸಣ್ಣ ರೈತನಿಗೆ ಇದು ಸಾಲದು, ಆತನ ಕಷ್ಟವೂ ಕಷ್ಟವೇ, ಅದರ ಬಗ್ಗೆ ಜಗಳವಿಲ್ಲ. ಆದರೆ ಹೊಲವೇ ಇಲ್ಲದವನಿಗೆ ಬರ ಬರೋದಿಲ್ಲವೆ? ಇನ್ನೊಬ್ಬರ ಹೊಲ ಲಾವಣಿಗೆ ಹಿಡಿದು ಬೀಜ ಗೊಬ್ಬರ ಹಾಕಿದವನ ಹೆಸರು ಯಾವ ಉತಾರದಲ್ಲಿ ಇದೆ? ಬೆಳೆ ಹೋದದ್ದು ಇವನದು, ಪರಿಹಾರ ಹೋದದ್ದು ಒಡೆಯನ ಪಾಸಬುಕ್ಕಿಗೆ. ಕಳೆ ತೆಗೆಯುವ ಕೂಲಿ, ಕಡಲೆ ಕೀಳುವ ಕೂಲಿ, ಜೋಳ ಕೊಯ್ಯುವ ಕೂಲಿ ಒಂದು ವರ್ಷ ಪೂರ್ತಿ ಹೋದವು. ಅದರ ಪಂಚನಾಮೆ ಯಾರೂ ಬರೆಯಲಿಲ್ಲ. ಹೊಲಕ್ಕೆ ಪಂಚನಾಮೆ ಆಗುತ್ತದೆ, ಹೊಟ್ಟೆಗೆ ಆಗೋದಿಲ್ಲ. ಉದ್ಯೋಗ ಖಾತ್ರಿಯ ಕೂಲಿ 2024ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಕೆಲಸ ಸಿಕ್ಕವರು ಮಡ್ಡಿಯಲ್ಲಿ ಬದು ಹಾಕಿದರು. ಸಿಗದವರು ಕೊಲ್ಹಾಪುರ, ಇಚಲಕರಂಜಿ, ಪುಣೆ ಹಿಡಿದರು.

ಈಗ ಮಳೆಯ ವಿಷಯ. ನಮ್ಮ ಹಿರಿಯರು ಇದಕ್ಕೆ ಅಡ್ಡಮಳಿ ಅಂತಾರೆ. ಗಡಿ ಆಚೆಯ ಮರಾಠಿ ಮಂದಿ ವಳವಾಚಾ ಪಾವುಸ ಅಂತಾರೆ. ಇದು ಮುಂಗಾರು ಅಲ್ಲ. ಮುಂಗಾರು ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಬಡಿದು ಖಾನಾಪುರದ ಕಾಡಿಗೆಲ್ಲ ಸುರಿದು ಖಾಲಿಯಾಗಿ ನಮ್ಮ ಕಡೆ ಬರೀ ಗಾಳಿಯಾಗಿ ಬರುತ್ತದೆ. ರಾಯಬಾಗ, ಅಥಣಿ ಕಡೆ ವರ್ಷಕ್ಕೆ ಬೀಳುವ ಮಳೆ ಖಾನಾಪುರದ ಅರ್ಧಕ್ಕೂ ಬಹಳ ಕಡಿಮೆ. ಅಡ್ಡಮಳೆ ಹಾಗಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನೆಲ ಕಾದು ಹಂಚಾದಾಗ ಬಿಸಿಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ಹಸಿಗಾಳಿ ಅದಕ್ಕೆ ಸೇರಿ ಮಧ್ಯಾಹ್ನದ ಮೇಲೆ ಬೆಟ್ಟದಂಥ ಮೋಡ ಕಟ್ಟುತ್ತದೆ. ಗುಡುಗು, ಸಿಡಿಲು, ಬಿರುಗಾಳಿ, ಆಣಿಕಲ್ಲು ಎಲ್ಲ ಒಟ್ಟಿಗೇ. ಒಂದೂರಿಗೆ ಸುರಿದರೆ ಪಕ್ಕದೂರಿಗೆ ಹನಿ ಇಲ್ಲ. ಇಡೀ ರಾಜ್ಯಕ್ಕೆ ಮಾರ್ಚಿನಿಂದ ಮೇ ತನಕ ವಾಡಿಕೆಯ ಮಳೆಯೇ ಸುಮಾರು 115 ಮಿಲಿಮೀಟರು. ಅಷ್ಟರಲ್ಲಿ ಹೊಲ ಹಸಿಯಾಗುತ್ತದೆ, ರೆಂಟಿ ಹೊಡೆಯಬಹುದು, ಬದುವಿನ ಮೇಲೆ ಆಡಿಗೆ ಒಂದು ಹಿಡಿ ಹುಲ್ಲು ಏಳುತ್ತದೆ. ಬತ್ತಿದ ಬೋರಿಗೆ ನೀರು ಬರೋದಿಲ್ಲ. ಏಳುನೂರು ಎಂಟುನೂರು ಫೂಟು ಕೊರೆದು ತೆಗೆದ ನೀರನ್ನ ಅರ್ಧ ತಾಸಿನ ಮಳೆ ತುಂಬಿ ಕೊಡೋದಿಲ್ಲ. ಇದು ಹೈಸ್ಕೂಲಿನ ಹುಡುಗನಿಗೂ ತಿಳಿಯುವ ಮಾತು, ಅಧಿಕಾರಿಗಳಿಗೆ ಮಾತ್ರ ತಿಳಿಯೋದಿಲ್ಲ.

ಗಾದೆಯನ್ನೂ ನೋಡಿ. ‘ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ’ ಅಂತಾರೆ ಕೆಲವರು. ‘ರೋಹಿಣಿ ಮಳಿಗೆ ಓಣಿ ತುಂಬ ಕೆಸರು’ ಅಂತಾರೆ ಇನ್ನು ಕೆಲವರು. ಸಣ್ಣವನಿದ್ದಾಗ ಯಾವುದು ಖರೆ ಅಂತ ನನಗೆ ಗೊಂದಲವಿತ್ತು. ಎರಡೂ ಖರೆ. ಓಣಿ ಬೇರೆ ಬೇರೆ.

ಇನ್ನೊಂದು ಊರಿನ ಮಾತು ಹೇಳುತ್ತೇನೆ. ನನ್ನ ಚಿಗವ್ವ ಇರುವ ಊರು. ಹೆಸರು ಬರೆಯೋದಿಲ್ಲ, ಬರೆದರೆ ನಾಳೆ ಆಕೆಗೆ ತ್ರಾಸ. ಅದೇ ವಾರ ಅಲ್ಲೂ ಮಳೆಯಾಯಿತು. ಮರುದಿನ ಕೇರಿಗೆ ಬರುವ ಟ್ಯಾಂಕರ್ ಬರಲಿಲ್ಲ. ಕೇಳಿದರೆ ಉತ್ತರ: ‘ಮಳಿ ಆಗೇತಲ್ಲ, ಇನ್ನ ಯಾಕ?’ ಬಾವಿಗೆ ಬಂದ ನೀರು ಸಗಣಿ ಬಣ್ಣದ ರಾಡಿ. ಮೇಲಿನ ಓಣಿಯಲ್ಲಿ ಮನೆಗೊಂದು ಬೋರು, ಒಣಗಿದರೆ ಸ್ವಂತ ರೊಕ್ಕಕ್ಕೆ ನೀರು ತರಿಸುವ ತಾಕತ್ತು. ಕೇರಿಗೆ ಒಂದೇ ಟ್ಯಾಂಕರ್, ಅದೂ ದಿನ ಬಿಟ್ಟು ದಿನ. ಮಳೆ ಬಂದದ್ದಕ್ಕೆ ಕೇರಿಯ ಹೆಂಗಸರು ಎರಡು ಕಿಲೋಮೀಟರು ದೂರದ ಒಬ್ಬರ ಹೊಲದ ಬೋರಿಗೆ ಹೋಗಿ ನಿಲ್ಲಬೇಕಾಯಿತು. ಅಲ್ಲಿ ನೀರು ಸಿಗುತ್ತದೆ, ಇಲ್ಲ ಅನ್ನಲಾರೆ. ಆದರೆ ಪೈಪಿನ ಬಾಯಿ ತಾವು ಮುಟ್ಟುವ ಹಾಗಿಲ್ಲ. ಒಡೆಯನ ಮನೆಯವರು ಬಂದು ಬಿಡಬೇಕು, ಕೊಡ ದೂರ ಇಟ್ಟು ನಿಲ್ಲಬೇಕು. ಇವರಿಗೆ ಬಿಡುವಾಗುವ ತನಕ ಅವರು ಬಿಸಿಲಲ್ಲಿ.

ಇದು ಯಾವ ಕಾಲದ ಮಾತು ಅಂತ ನಗಬೇಡಿ. ನಮ್ಮ ರಾಯಬಾಗ ಮೊದಲು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಶಾಹೂ ಮಹಾರಾಜರು ಸಾರ್ವಜನಿಕ ಬಾವಿ, ಧರ್ಮಶಾಲೆ, ಶಾಲೆಗಳಲ್ಲಿ ಅಸ್ಪೃಶ್ಯರನ್ನ ಸಮನಾಗಿ ಕಾಣಬೇಕು ಎಂದು 1919ರಲ್ಲೇ ಆಜ್ಞೆ ಹೊರಡಿಸಿದರು. ಮುಂಬಯಿ ಪ್ರಾಂತದ ಶಾಸನಸಭೆ ಸರಕಾರಿ ಕೆರೆ ಬಾವಿಗಳೆಲ್ಲ ನಮಗೂ ತೆರೆದಿರಬೇಕು ಎಂದು 1923ರಲ್ಲಿ ಠರಾವು ಮಾಡಿತು. ಬೋಲೆ ಎಂಬವರು ತಂದ ಠರಾವು ಅದು. 1925ರ ಏಪ್ರಿಲಿನಲ್ಲಿ, ಇದೇ ಸುಡು ಬಿಸಿಲಲ್ಲಿ, ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ನಮ್ಮ ಜನರ ಪರಿಷತ್ತಿನಲ್ಲಿ ಮಾತಾಡಿದರು. ಎರಡು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ಬೊಗಸೆ ನೀರಿಗೆ ಮುಂಬಯಿ ಹೈಕೋರ್ಟಿನಲ್ಲಿ ತೀರ್ಪು ಸಿಗಲು 1937 ಆಯಿತು. ಹತ್ತು ವರ್ಷ. ಕೆರೆಯಲ್ಲಿ ನೀರು ತುಂಬಿದ್ದಾಗಲೂ ನಮಗೆ ಬರವೇ ಇತ್ತು ಅನ್ನೋದು ಇದರ ಅರ್ಥ. ಹಾಗಿದ್ದ ಮೇಲೆ ಒಂದು ಮಳೆಗೆ ಹೇಗೆ ಹೋದೀತು ಆ ಬರ?

ಈಗ ಚಿಗವ್ವನ ಮನೆ. ಆಕೆಯದು ಮಣ್ಣಿನ ಗೋಡೆ, ಮೇಲೆ ಆರು ಪತ್ರಾಸು. ಮಳೆಗೆ ಮುಂಚೆ ಬಂದ ಗಾಳಿಗೆ ನಾಲ್ಕು ಪತ್ರಾಸು ಕಿತ್ತು ಹೋದವು. ಒಂದು ಸಿಕ್ಕದ್ದು ಎರಡು ಹೊಲದಾಚೆ, ಮಡಚಿ ಹೋಗಿತ್ತು. ಒಂದು ಸಿಗಲೇ ಇಲ್ಲ. ಗೋಡೆಯ ಒಂದು ಮೂಲೆ ಕುಸಿಯಿತು. ರೇಶನ್ ಅಕ್ಕಿ ನೆನೆದು ಮುದ್ದೆಯಾಯಿತು, ಮೊಮ್ಮಗಳ ಪುಸ್ತಕ ಹೋದವು. ಅಲಖನೂರಿನ ಆಯಿ ಸೂರಿನ ಕೆಳಗೆ ಪಾತ್ರೆ ಇಟ್ಟಳಲ್ಲ, ಚಿಗವ್ವ ಮನೆಯೊಳಗೇ ಪಾತ್ರೆ ಇಟ್ಟಳು.

ಮೂರು ದಿನದ ಮೇಲೆ ಅಧಿಕಾರಿಯೊಬ್ಬ ಬಂದ. ಮೊಬೈಲಿನಲ್ಲಿ ಫೋಟೋ ತೆಗೆದ. ಕೇಳಿದ: ‘ಹಕ್ಕುಪತ್ರ ಐತೇನ?’

ಚಿಗವ್ವ ಹೇಳಿದಳು: ‘ಸಾಹೇಬ್ರ, ಮೂವತ್ತ ವರ್ಷ ಆತ್ರಿ ಇಲ್ಲೇ ಇದ್ದೀವಿ.’

‘ಇದ್ದದ್ದಕ್ಕ ಬರೂದಿಲ್ಲವ್ವಾ ರೊಕ್ಕ, ಕಾಗದಕ್ಕ ಬರ್ತೈತಿ.’

ಆತ ಕೆಟ್ಟವನಲ್ಲ. ನಿಯಮವೇ ಹಾಗಿದೆ. ಗೆಳೆಯರೆ, ಈ ನಿಯಮವನ್ನ ನಾವು ಓದಬೇಕು. ಪದ್ಯ ಓದಿದಷ್ಟೇ ಗಮನ ಕೊಟ್ಟು ಓದಬೇಕು. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರಕಾರ 2022ರಲ್ಲಿ ಕಟ್ಟಿದ ದರಪಟ್ಟಿಯಲ್ಲಿ, ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ನೂರಕ್ಕೆ ಹದಿನೈದಾದರೂ ಕೆಟ್ಟ ಪಕ್ಕಾ ಮನೆಗೆ 6,500. ಅಷ್ಟೇ ಕೆಟ್ಟ ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ದನದ ಕೊಟ್ಟಿಗೆಗೆ 3,000. ಸತ್ತ ಎಮ್ಮೆಗೆ 37,500, ಆಡಿಗೆ 4,000. ಅಂದರೆ ಗಾಳಿಗೆ ಕಾಲುಭಾಗ ಹಾರಿ ಹೋದ ಬಡವನ ಮನೆಯ ಬೆಲೆ, ಒಂದು ಆಡಿನ ಬೆಲೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು: ಬಿದ್ದ ಮನೆ ಅಧಿಕೃತವಾಗಿ ಕಟ್ಟಿದ್ದಾಗಿರಬೇಕು, ಅಧಿಕಾರಿ ಪ್ರಮಾಣಪತ್ರ ಕೊಡಬೇಕು.

ಅಧಿಕೃತ! ಊರ ಹೊರಗೆ ಗಾಂವಠಾಣದ ಆಚೆ ಇರು ಎಂದು ನಮ್ಮನ್ನ ಅಟ್ಟಿದವರು ಯಾರು? ಹಳ್ಳದ ದಂಡೆ, ಗಾಯರಾಣ, ತಿಪ್ಪೆಯ ಮಗ್ಗಲು, ಯಾರಿಗೂ ಬೇಡವಾದ ನೆಲ ತೋರಿಸಿ ‘ಅಲ್ಲಿ ಹಾಕೊಳ್ಳಿ ಗುಡಿಸಲ’ ಅಂದರು. ಹಾಕಿಕೊಂಡೆವು. ಈಗ ಅದೇ ಬಾಯಿ ‘ಅನಧಿಕೃತ’ ಅನ್ನುತ್ತದೆ. ಗಾಳಿ ಮಾತ್ರ ಹಕ್ಕುಪತ್ರ ಕೇಳೋದಿಲ್ಲ, ಬೀಸುತ್ತದೆ.

ಇನ್ನು ನಮ್ಮವರ ತಪ್ಪನ್ನೂ ಹೇಳಬೇಕು. ಮಳೆ ಬಾರದಿದ್ದಾಗ ಕೇರಿಯ ಹುಡುಗರು ಗುರ್ಜಿ ಹೊತ್ತು ಮನೆ ಮನೆ ತಿರುಗುತ್ತಾರೆ. ಮಕ್ಕಳ ಆಟ ಅಂದುಕೊಂಡರೆ ಚೆಂದ ಇದೆ, ತಲೆ ಮೇಲೆ ನೀರು ಸುರಿಸಿಕೊಂಡು ನಗುತ್ತಾರೆ. ಆದರೆ ಕಪ್ಪೆ ಮದುವೆ, ಕತ್ತೆ ಮದುವೆಗೆ ಕೂಲಿಯವನೂ ಹತ್ತು ರೂಪಾಯಿ ಪಟ್ಟಿ ಕೊಡಬೇಕು ಅಂದರೆ ಅದು ಆಟವಲ್ಲ. ಹಳ್ಳಿಯವರನ್ನಷ್ಟೇ ಯಾಕೆ ಬೈಯೋಣ. ಸರಕಾರವೇ 2017ರಲ್ಲಿ ವಿಮಾನದಿಂದ ಮೋಡಬಿತ್ತನೆ ಮಾಡಿಸಿತು, 2019ರ ಜೂನಿನಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಲು ಆದೇಶ ಹೊರಡಿಸಿತು. ಆ ವರ್ಷ ಬೇಸಿಗೆಯಲ್ಲಿ ನಮ್ಮ ಕೃಷ್ಣೆ ಮರಳಾಗಿ ಬಿದ್ದಿದ್ದಳು. ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನ ಕೇಳಿ ಕೇಳಿ ಸಾಕಾಗಿ ಜನ ರಸ್ತೆಗೆ ಕೂತರು. ಎರಡೇ ತಿಂಗಳು. ಆಗಸ್ಟಿನಲ್ಲಿ ಅದೇ ಕೃಷ್ಣೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಊರುಗಳನ್ನ ಮುಳುಗಿಸಿದಳು. ಹೋಮದ ಫಲ ಅನ್ನೋಣವೆ? ಹಾಗಾದರೆ ಹೊಳೆದಂಡೆಯ ಕೇರಿಗಳು ಮೊದಲು ಮುಳುಗಿದ್ದು ಯಾವ ಮಂತ್ರದ ಫಲ?

2025ರ ಮೇ ತಿಂಗಳಲ್ಲಿ ಇದರ ತಿರುವುಮುರುವು. ಅಡ್ಡಮಳೆಯೂ ಸುರಿಯಿತು, ಮುಂಗಾರೂ ಬೇಗ ಬಂತು. ಕೇರಳಕ್ಕೆ ಮೇ 24ಕ್ಕೇ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ. 1901ರಿಂದ ಈಚೆ ದೇಶದಲ್ಲಿ ಮೇ ತಿಂಗಳಲ್ಲಿ ಅಷ್ಟು ಮಳೆ ಬಿದ್ದಿರಲಿಲ್ಲ. ಪತ್ರಿಕೆಗಳು ತುಂಬಿದ ಹೊಳೆಯ ಫೋಟೋ ಹಾಕಿದವು. ಸಿಡಿಲಿಗೆ ಸತ್ತವರ ಸುದ್ದಿ ಒಳಪುಟದಲ್ಲಿ ಎರಡು ಸಾಲು. ಸಿಡಿಲಿಗೆ ಸಿಕ್ಕವರು ಯಾರು ಅಂತ ಆ ಎರಡು ಸಾಲನ್ನ ಓದಿ ನೋಡಿ: ಆಡು ಕಾಯುವ ಹುಡುಗ, ಹೊಲದಲ್ಲಿ ಕಸ ಆರಿಸುತ್ತಿದ್ದ ಹೆಂಗಸು, ಗಿಡದ ಕೆಳಗೆ ನಿಂತ ಕೂಲಿಯಾಳು. ಮಾಡಿಯ ಮೇಲೆ ಕೂತು ಮಳೆ ನೋಡುವವನಿಗೆ ಸಿಡಿಲು ಹೊಡೆದದ್ದು ನಾನು ಓದಿಲ್ಲ. ಸತ್ತವರ ಮನೆಗೆ 5 ಲಕ್ಷ ಪರಿಹಾರ ಕೊಡುವ ಕ್ರಮ ನಮ್ಮ ರಾಜ್ಯದಲ್ಲಿದೆ. ಆದರೆ ಶವಪರೀಕ್ಷೆಯ ಕಾಗದ ಇಲ್ಲದೆ ಅದು ಕೈಗೆ ಬರೋದಿಲ್ಲ. ದುಃಖದಲ್ಲಿ ಅವಸರ ಮಾಡಿ ಮಣ್ಣು ಮಾಡಿಬಿಟ್ಟರೆ ರೊಕ್ಕವೂ ಮಣ್ಣಿಗೆ ಹೋಯಿತು. ಇದನ್ನ ಮನೆಯಲ್ಲಿ ಹೇಳಿಡಿ. ಗುಡುಗು ಕೇಳಿಸಿದ ಕೂಡಲೆ ಹೊಲ ಬಿಟ್ಟು ಪಕ್ಕಾ ಮನೆಗೆ ಬರಬೇಕು, ಒಂಟಿ ಗಿಡದ ಕೆಳಗೆ ನಿಲ್ಲಬಾರದು ಅನ್ನೋದನ್ನೂ ಹೇಳಿ. ಸಿಡಿಲಿನ ಮುನ್ಸೂಚನೆ ಕೊಡಲು ‘ದಾಮಿನಿ’, ‘ಸಿಡಿಲು’ ಅಂತ ಎರಡು ಸರಕಾರಿ ಆಪ್ ಇವೆ. ಹಾಸ್ಟೆಲಿನಲ್ಲಿ ರೀಲ್ಸ್ ನೋಡುವ ಮೊಬೈಲಿನಲ್ಲಿ ಅವಕ್ಕೂ ಜಾಗ ಸಿಗುತ್ತದೆ. ಹಾಗೆ ನೋಡಿದರೆ ಒಡೆಯನಿಗೂ ಒಂದು ಮಾತು ಹೇಳಬೇಕು: ‘ಮಳಿ ಬರೂದ್ರೊಳಗ ಮುಗಿಸಿ ಹೋಗ್ರಿ’ ಅಂತ ಗುಡುಗಿನ ಕೆಳಗೆ ಕೂಲಿಯವರನ್ನ ನಿಲ್ಲಿಸಬಾರದು. ಹೇಳುವವರು ಯಾರು? ಅರ್ಧ ದಿನದ ಕೂಲಿ ಕಳೆದುಕೊಳ್ಳುವ ಧೈರ್ಯ ಚಿಗವ್ವನಂಥವರಿಗೆ ಇಲ್ಲ, ನಿಮಗೆ ಇರಬೇಕು.

ಯಾಕೆ ನಿಮಗೇ ಹೇಳುತ್ತಿದ್ದೇನೆ ಅಂದರೆ, ನಮ್ಮ ತಾಲೂಕಿನಲ್ಲಿ ರಾಯಬಾಗ, ಕುಡಚಿ ಎರಡೂ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಆದರೂ ಕೇರಿಯ ಟ್ಯಾಂಕರ್ ಮೊದಲ ಮಳೆಗೇ ನಿಲ್ಲುತ್ತದೆ. ಕುರ್ಚಿ ಒಂದೇ ಸಾಲದು ಅನ್ನೋದು ನಮಗೆ ಗೊತ್ತಾಗಿದೆ. ಶಾಹೂ ಮಹಾರಾಜರು 1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ಮಕ್ಕಳಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲ್ ತೆರೆದರು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಬರ ತಡೆಯಲು ರಾಧಾನಗರಿ ಅಣೆಕಟ್ಟಿನ ಕೆಲಸವನ್ನೂ ಹಿಡಿದರು. ಆ ನೀರು ಪಂಚಗಂಗೆಯಾಗಿ ಕೃಷ್ಣೆಗೆ ಸೇರಿ ನಮ್ಮ ಕಡೆಗೇ ಬರುತ್ತದೆ. ಬರಕ್ಕೆ ನೀರೂ ಬೇಕು, ಓದಿದ ಮಕ್ಕಳೂ ಬೇಕು ಎಂದು ಆತನಿಗೆ ತಿಳಿದಿತ್ತು. ನಾವು ಹಾಸ್ಟೆಲಿನಲ್ಲಿ ಕೂತು ಪಠ್ಯಪುಸ್ತಕದ ಮಳೆಯನ್ನೇ ಓದುತ್ತೇವೆ. ಅದರಲ್ಲಿ ಕವಿ ಕಿಟಕಿಯ ಒಳಗೆ ಇರುತ್ತಾನೆ, ಮಳೆ ಹೊರಗೆ ಇರುತ್ತದೆ. ನಮ್ಮ ಮನೆಯಲ್ಲಿ ಮಳೆ ಒಳಗೆ, ನಾವು ಹೊರಗೆ.

ಮಾಡುವ ಕೆಲಸ ದೊಡ್ಡದೇನಲ್ಲ. ಈ ಸಲ ರಜೆಗೆ ಹೋದಾಗ ನಿಮ್ಮ ಕೇರಿಯಲ್ಲಿ ಹಕ್ಕುಪತ್ರ ಇಲ್ಲದ ಮನೆ ಎಷ್ಟು, ಒಂದು ಹಾಳೆಯಲ್ಲಿ ಬರೆಯಿರಿ. ಟ್ಯಾಂಕರ್ ಯಾವತ್ತು ಬಂತು, ಯಾವತ್ತು ನಿಂತಿತು, ತಾರೀಖು ಹಾಕಿ ಬರೆಯಿರಿ. ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ ಇಟ್ಟಿದ್ದಾರೆ. ಅದರ ಲೆಕ್ಕ ಕೇಳಿ ಇಸಿದುಕೊಳ್ಳಿ. ‘ಮಳಿ ಆಗೇತಲ್ಲ’ ಅನ್ನುವವನಿಗೆ ‘ಎಷ್ಟು ಮಿಲಿಮೀಟರ್ ಆಗೇತ್ರಿ?’ ಅಂತ ಕೇಳಲು ಬರಬೇಕು. ಬೋರಿನ ನೀರು ಮೇಲೆ ಬರುವ ತನಕ ಟ್ಯಾಂಕರ್ ನಿಲ್ಲಿಸಬೇಡಿ ಎಂದು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಹಾರಿ ಹೋದ ಪತ್ರಾಸಿನ ಫೋಟೋ ಅವತ್ತೇ ತೆಗೆಯಿರಿ. ಹಕ್ಕುಪತ್ರ ಇಲ್ಲದಿದ್ದರೂ ಮನೆ ಮನೆಯೇ, ಪಂಚನಾಮೆ ಬರೆಯಲೇಬೇಕು ಎಂದು ಹಟ ಹಿಡಿದು ನಿಲ್ಲಿ.

ಚಿಗವ್ವನ ಅರ್ಜಿ ನಾನೇ ಬರೆದುಕೊಟ್ಟೆ. ಎರಡು ಸಲ ವಾಪಸು ಬಂತು, ಮೂರನೆಯ ಸಲಕ್ಕೆ ಕೊಟ್ಟಿದ್ದೇವೆ. ಆಕೆಯ ಮನೆಯ ಮೇಲೆ ಈಗ ಮೂರು ಪತ್ರಾಸು, ಉಳಿದದ್ದಕ್ಕೆ ಟ್ರ್ಯಾಕ್ಟರಿನ ಹಳೆಯ ತಾಡಪತ್ರಿ. ಗಾಳಿಗೆ ಹಾರದಿರಲೆಂದು ಅದರ ಮೇಲೆ ಹೊಲದ ಕಲ್ಲು ಹೇರಿದ್ದಾಳೆ. ಕಲ್ಲು ತಲೆ ಮೇಲೆ ಬಿದ್ದೀತು ಚಿಗವ್ವಾ ಅಂದರೆ, ‘ಮಳಿ ಬ್ಯಾಡ ಅನ್ನಾಕ ಬರೂದಿಲ್ಲೋ ಮಗಾ’ ಅಂದಳು.

ನಿಮ್ಮ ಊರಿನ ಹಾಳೆಗಳನ್ನ ಮುಂದಿನ ಸಭೆಗೆ ತನ್ನಿ. ಒಂದೊಂದನ್ನೂ ಗಟ್ಟಿಯಾಗಿ ಓದೋಣ.